ಮೈನೋವಿನ ಲೆಕ್ಕ: ಟ್ರಯಾಥ್ಲಾನ್ ಕ್ರೀಡಾಳುಗಳ ಗಾಯಗಳು ಮತ್ತು ಬಬಲೇಶ್ವರ ಸೀಮೆಯ ದೇಹಶ್ರಮ ಪರಂಪರೆ

ವಿಜಯಪುರದಿಂದ ಜಮಖಂಡಿಯ ಕಡೆಗೆ ಸಾಗುವ ರಸ್ತೆಯಲ್ಲಿ ಸುಮಾರು 25 ಕಿಲೋಮೀಟರ್ ದೂರದಲ್ಲಿ ಬಬಲೇಶ್ವರವಿದೆ. ವಿಜಯಪುರದ ಪಶ್ಚಿಮಕ್ಕೆ, ಅಥಣಿಯ ದಾರಿಯಲ್ಲಿ, ತಿಕೋಟಾ ಇದೆ. ಬಹುಕಾಲ ವಿಜಯಪುರ ತಾಲೂಕಿನ ಭಾಗಗಳಾಗಿದ್ದ ಈ ಎರಡೂ ಊರುಗಳು 2017ರಲ್ಲಿ ಘೋಷಿತವಾದ ಹೊಸ ತಾಲೂಕುಗಳ ಪಟ್ಟಿಯಲ್ಲಿ ಸೇರಿ, ಮರುವರ್ಷದಿಂದ ತಾಲೂಕು ಕೇಂದ್ರಗಳಾದವು. ಡೋಣಿ ನದಿಯ ಕರಿಮಣ್ಣಿನ ಬಯಲು, ಬಿಳಿಜೋಳದ ಹೊಲ, ತಿಕೋಟಾದ ಸುತ್ತಲಿನ ದ್ರಾಕ್ಷಿ ತೋಟ, ಒಣದ್ರಾಕ್ಷಿಯ ಶೆಡ್ಡುಗಳು - ಈ ಸೀಮೆಯ ಹೊರನೋಟ ಇಷ್ಟು. ಮರದ ನೆರಳು ಕಡಿಮೆಯಿರುವ, ಏರಿಳಿತ ಅಷ್ಟಾಗಿಲ್ಲದ, ನೇರವಾಗಿ ಹಾಯ್ದುಹೋಗುವ ಇಲ್ಲಿನ ರಸ್ತೆಗಳ ಮೇಲೆ ನಸುಕಿನ ಹೊತ್ತಿನಲ್ಲಿ ತೆಳು ಚಕ್ರದ ಸೈಕಲ್ಲುಗಳ ಮೇಲೆ ಬಾಗಿ ಸಾಗುವ ಹುಡುಗ ಹುಡುಗಿಯರ ಸಾಲು ಈ ಭಾಗದ ಜನರಿಗೆ ಹೊಸ ನೋಟವಲ್ಲ. ಅವಿಭಜಿತ ವಿಜಯಪುರ ಜಿಲ್ಲೆ ಕರ್ನಾಟಕದ ಸೈಕ್ಲಿಂಗಿನ ತವರು ಎನಿಸಿಕೊಂಡಿದೆ. ರಾಷ್ಟ್ರಮಟ್ಟದ ಸ್ಪರ್ಧೆಗಳಲ್ಲಿ ರಾಜ್ಯಕ್ಕೆ ಬಂದ ಸೈಕ್ಲಿಂಗ್ ಪದಕಗಳಲ್ಲಿ ದೊಡ್ಡ ಪಾಲು ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ರೈತ ಕುಟುಂಬಗಳ ಮಕ್ಕಳದು.

ಈಜು, ಸೈಕಲ್, ಓಟ ಮೂರನ್ನೂ ಒಂದೇ ಉಸಿರಿನಲ್ಲಿ ಜೋಡಿಸುವ ಟ್ರಯಾಥ್ಲಾನ್ ಎಂಬ ಕ್ರೀಡೆಯನ್ನು ಇಂತಹ ಒಂದು ಸೀಮೆಯಿಂದ ನೋಡುವುದರಲ್ಲಿ ಅರ್ಥವಿದೆ. ಈ ಕ್ರೀಡೆಯ ಗಾಯಗಳ ಇತಿಹಾಸ ಎಂದರೆ ಮೂಲತಃ ಗಾಯವೆಂದು ಯಾವುದನ್ನು ಕರೆಯಬೇಕು ಎಂಬ ಪ್ರಶ್ನೆಯ ಇತಿಹಾಸ. ಬಿದ್ದು ಮುರಿದದ್ದು, ತಿರುಚಿ ಉಳುಕಿದ್ದು, ಕೀಲು ತಪ್ಪಿದ್ದು - ಇವುಗಳನ್ನು ಮನುಷ್ಯ ಸಮಾಜ ಬಹು ಹಿಂದೆಯೇ ಗಾಯವೆಂದು ಎಣಿಸಿ, ಹೆಸರಿಟ್ಟು, ಚಿಕಿತ್ಸೆ ಕಂಡುಕೊಂಡಿದೆ. ಆದರೆ ಒಂದೇ ಚಲನೆಯನ್ನು ಸಾವಿರ, ಹತ್ತು ಸಾವಿರ ಬಾರಿ ಮಾಡುವುದರಿಂದ ಮೆಲ್ಲಗೆ ಸವೆಯುವ ದೇಹದ ನೋವು ಬಹುಕಾಲ ಗಾಯವೆಂಬ ಲೆಕ್ಕಕ್ಕೇ ಬರಲಿಲ್ಲ. ಟ್ರಯಾಥ್ಲಾನ್ ಕ್ರೀಡಾಳುಗಳ ಗಾಯಗಳಲ್ಲಿ ಹೆಚ್ಚಿನವು ಈ ಎರಡನೆಯ ಬಗೆಯವು. ಲೆಕ್ಕಕ್ಕೆ ಬಾರದ ನೋವಿಗೆ ವಿಶ್ರಾಂತಿಯೂ ದೊರೆಯುವುದಿಲ್ಲ. ಪದಕದಿಂದ ಸರ್ಕಾರಿ ನೌಕರಿಯ ಆಸೆ ಹೊತ್ತ ಮನೆಯ ಮಕ್ಕಳಿಗೆ ಇದು ಸಣ್ಣ ವಿಷಯವಲ್ಲ.

ಟ್ರಯಾಥ್ಲಾನ್ ಇತ್ತೀಚಿನ ಕ್ರೀಡೆ. 1974ರ ಸೆಪ್ಟೆಂಬರ್ 25ರಂದು ಅಮೆರಿಕದ ಸ್ಯಾನ್ ಡಿಯೇಗೋ ನಗರದ ಮಿಷನ್ ಕೊಲ್ಲಿಯಲ್ಲಿ ಓಟಗಾರರ ಕ್ಲಬ್ಬೊಂದು ಏರ್ಪಡಿಸಿದ ಸ್ಪರ್ಧೆಯಿಂದ ಇದರ ಆಧುನಿಕ ಚರಿತ್ರೆ ಆರಂಭವಾಗುತ್ತದೆ. 1978ರ ಫೆಬ್ರುವರಿ 18ರಂದು ಹವಾಯಿಯಲ್ಲಿ ನಡೆದ ಮೊದಲ ಐರನ್‌ಮ್ಯಾನ್ ಸ್ಪರ್ಧೆಯಲ್ಲಿ ಹೊರಟವರು 15 ಜನ, ಗುರಿ ಮುಟ್ಟಿದವರು 12 ಜನ. 1982ರಲ್ಲಿ ಅದೇ ಹವಾಯಿ ಸ್ಪರ್ಧೆಯಲ್ಲಿ ಜೂಲಿ ಮಾಸ್ ಎಂಬ ವಿದ್ಯಾರ್ಥಿನಿ ಮುಂಚೂಣಿಯಲ್ಲಿದ್ದು, ಗುರಿಯ ಸಮೀಪದಲ್ಲಿ ಕುಸಿದು, ಕೊನೆಗೆ ತೆವಳಿಕೊಂಡು ಎರಡನೆಯವಳಾಗಿ ಮುಗಿಸಿದ ದೃಶ್ಯ ದೂರದರ್ಶನದ ಮೂಲಕ ಲೋಕಕ್ಕೆಲ್ಲ ತಲುಪಿತು. ಈ ಕ್ರೀಡೆಗೆ ಪ್ರಸಿದ್ಧಿ ತಂದುಕೊಟ್ಟದ್ದು ಒಬ್ಬ ವಿಜೇತನ ಭಾವಚಿತ್ರವಲ್ಲ, ಕುಸಿದ ಒಂದು ದೇಹದ ಚಿತ್ರ ಎಂಬುದು ಗಮನಿಸತಕ್ಕದ್ದು. 1989ರಲ್ಲಿ ಅಂತಾರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾಯಿತು. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟದ ರೂಪದಲ್ಲಿ ಟ್ರಯಾಥ್ಲಾನ್ ಸೇರ್ಪಡೆಗೊಂಡಿತು. ಉತ್ತರ ಕರ್ನಾಟಕಕ್ಕೆ ಇದು ಹತ್ತಿರವಾದದ್ದು 2019ರ ಅಕ್ಟೋಬರ್ 20ರಂದು, ನೆರೆಯ ಗೋವೆಯ ಪಣಜಿಯಲ್ಲಿ ಅರ್ಧ ಐರನ್‌ಮ್ಯಾನ್ ಸ್ಪರ್ಧೆ ನಡೆದಾಗ. 1.9 ಕಿ.ಮೀ. ಸಮುದ್ರದ ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಕೊರೋನಾ ಕಾಲದ ಬಿಡುವಿನ ನಂತರ 2022ರಿಂದ ಅದು ಮತ್ತೆ ನಡೆದಿದೆ.

ಲೆಕ್ಕ ಹಾಕುವ ಬಗೆ

ಗಾಯಗಳನ್ನು ಎಣಿಸುವ ಹಳೆಯ ಕ್ರಮ ಸರಳವಾಗಿತ್ತು. ಆಟಗಾರ ಎಷ್ಟು ದಿನ ಆಟದಿಂದ ಹೊರಗುಳಿದ ಎಂಬುದೇ ಗಾಯದ ಅಳತೆ. ಕಾಲ್ಚೆಂಡಿನಂತಹ ಆಟಗಳಿಗೆ ಈ ಅಳತೆ ಸಲ್ಲುತ್ತದೆ. ಅಲ್ಲಿ ಗಾಯವಾದವನು ಮೈದಾನದಿಂದ ಹೊರಬರುತ್ತಾನೆ. ಆದರೆ ಮೊಣಕಾಲು ನೋಯುವ ಸೈಕಲ್ ಸವಾರ ಹೊರಬರುವುದಿಲ್ಲ. ಅವನು ನೋವಿನೊಂದಿಗೇ ಅಭ್ಯಾಸ ನಡೆಸುತ್ತಾನೆ. ಓಟ ಕಷ್ಟವಾದರೆ ಅಂದು ಈಜಿಗೆ ಇಳಿಯುತ್ತಾನೆ. ಭುಜ ಹಿಡಿದರೆ ಸೈಕಲ್ಲಿಗೆ ಹತ್ತುತ್ತಾನೆ. ಮೂರು ವಿದ್ಯೆಗಳಿರುವುದರಿಂದ ಒಂದರ ನೋವನ್ನು ಇನ್ನೊಂದರಲ್ಲಿ ಮರೆಮಾಚುವ ಅನುಕೂಲ ಟ್ರಯಾಥ್ಲಾನ್ ಕ್ರೀಡಾಳುವಿಗಿರುವಷ್ಟು ಬೇರೆಯವರಿಗಿಲ್ಲ. ಕಳೆದುಕೊಂಡ ದಿನಗಳ ಲೆಕ್ಕದಲ್ಲಿ ಅಂಥವನು ಆರೋಗ್ಯವಂತ.

1994ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು 155 ಟ್ರಯಾಥ್ಲಾನ್ ಕ್ರೀಡಾಳುಗಳನ್ನು ಎಂಟು ವಾರಗಳ ಕಾಲ ಗಮನಿಸಿ, ಅವರಲ್ಲಿ ಶೇ. 37ರಷ್ಟು ಮಂದಿ ಒಂದಾದರೂ ಗಾಯಕ್ಕೆ ಒಳಗಾದರೆಂದು ದಾಖಲಿಸಿತು. ಅತಿಬಳಕೆಯೇ ಮುಖ್ಯ ಕಾರಣವೆಂದೂ, ಅಂತಹ ಗಾಯಗಳಲ್ಲಿ ಹೆಚ್ಚಿನವು ಓಟದ ವೇಳೆ ಆದವೆಂದೂ ಅದು ತಿಳಿಸಿತು. ನಿಜವಾದ ತಿರುವು ಬಂದದ್ದು 2013ರಲ್ಲಿ. ನಾರ್ವೆಯ ಓಸ್ಲೋ ಕ್ರೀಡಾ ಗಾಯ ಸಂಶೋಧನಾ ಕೇಂದ್ರದವರು ಹೊಸ ಪ್ರಶ್ನಾವಳಿಯೊಂದನ್ನು ರೂಪಿಸಿದರು. ದೇಹದ ಒಂದೊಂದು ಭಾಗಕ್ಕೂ ನಾಲ್ಕು ಪ್ರಶ್ನೆ. ತೊಂದರೆಯಿಂದಾಗಿ ಪಾಲ್ಗೊಳ್ಳಲು ಅಡ್ಡಿಯಾಯಿತೇ, ಅಭ್ಯಾಸ ಎಷ್ಟು ಕುಗ್ಗಿತು, ಸಾಮರ್ಥ್ಯ ಎಷ್ಟು ಇಳಿಯಿತು, ನೋವು ಎಷ್ಟು? ಇದೇ ವಿಧಾನದಿಂದ ನಾರ್ವೆಯ ದೀರ್ಘದೂರ ಸ್ಪರ್ಧೆಗೆ ಸಿದ್ಧರಾಗುತ್ತಿದ್ದ 174 ಜನರನ್ನು 26 ವಾರ ಹಿಂಬಾಲಿಸಿದಾಗ, ಯಾವುದೇ ಒಂದು ಹೊತ್ತಿನಲ್ಲಿ ಸರಾಸರಿ ಶೇ. 56ರಷ್ಟು ಮಂದಿ ಅತಿಬಳಕೆಯ ತೊಂದರೆಯನ್ನು ಹೊತ್ತೇ ಅಭ್ಯಾಸ ನಡೆಸುತ್ತಿದ್ದರೆಂದು ಕಂಡುಬಂದಿತು. ಮೊಣಕಾಲಿನ ತೊಂದರೆ ಶೇ. 25, ಮೊಣಕಾಲಿನ ಕೆಳಭಾಗ ಶೇ. 23, ಸೊಂಟ ಶೇ. 23. ದೇಹಗಳು ಬದಲಾಗಿರಲಿಲ್ಲ, ಕೇಳುವ ಪ್ರಶ್ನೆ ಬದಲಾಗಿತ್ತು.

ಈ ಪ್ರಶ್ನೆಯನ್ನು ಹಿಂದಕ್ಕೆ ಕೊಂಡೊಯ್ದು, ಬಬಲೇಶ್ವರ ಸೀಮೆಯ ದೇಹಶ್ರಮದ ಪರಂಪರೆ ಯಾವ ನೋವನ್ನು ಕಂಡಿತು, ಯಾವುದನ್ನು ಕಾಣಲಿಲ್ಲ ಎಂದು ವಿಚಾರಿಸಬಹುದು.

ಶ್ರಮ ಮತ್ತು ಭಗ್ನ

ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇಂದಿನ ವಿಜಯಪುರದ ಸುತ್ತಲಿನ ನಾಡು ತರ್ದವಾಡಿ ಸಾವಿರ ಎಂಬ ಆಡಳಿತ ವಿಭಾಗಕ್ಕೆ ಸೇರಿತ್ತು. ಅದೇ ವಂಶದ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದ ಮಲ್ಲವಿನೋದ ಪ್ರಕರಣದಲ್ಲಿ ಜಟ್ಟಿಗಳ ವರ್ಗೀಕರಣ, ಆಹಾರ, ಅಭ್ಯಾಸ ಕ್ರಮ ಮೊದಲಾದವುಗಳ ವಿವರವಿದೆ. ಅಲ್ಲಿ ಹೇಳಿರುವ ಶ್ರಮಗಳಲ್ಲಿ ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಎಂಬ ಹೆಸರುಗಳಿವೆ. ಭಾರ ಎತ್ತುವುದು, ನಡೆದು ತಿರುಗುವುದು, ನೀರಿನಲ್ಲಿ ಶ್ರಮಿಸುವುದು, ಕಂಬದ ಮೇಲಿನ ಅಭ್ಯಾಸ. ನೆಲ ಮತ್ತು ನೀರಿನ ಶ್ರಮಗಳನ್ನು ಒಂದೇ ದೇಹಕ್ಕೆ ಜೋಡಿಸಿ ಪಳಗಿಸುವ ಈ ಯೋಜನೆಯನ್ನು ಕಂಡು ಇದೇ ಭಾರತದ ಟ್ರಯಾಥ್ಲಾನ್ ಎಂದು ಸಾರುವ ಉತ್ಸಾಹ ಯಾರಿಗಾದರೂ ಬರಬಹುದು. ಅಂತಹ ಉತ್ಸಾಹ ಬೇಡ. ಜಟ್ಟಿಯ ಗುರಿ ಎದುರಾಳಿಯನ್ನು ಕೆಡವುವುದೇ ಹೊರತು ದೂರವನ್ನು ಸವೆಸುವುದಲ್ಲ. ಗಮನಿಸಬೇಕಾದುದು ಇಷ್ಟೆ: ಬೇರೆ ಬೇರೆ ಬಗೆಯ ಶ್ರಮಗಳನ್ನು ಬೆರೆಸಬೇಕು ಎಂಬ ತಿಳಿವಳಿಕೆ ಈ ನೆಲದಲ್ಲಿ ಹಳೆಯದು.

ಶ್ರಮಕ್ಕೆ ಮಿತಿಯಿದೆ ಎಂಬ ಅರಿವೂ ಹಳೆಯದೇ. ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂದು ಆಯುರ್ವೇದದ ಆಚಾರ್ಯರು ವಿಧಿಸಿದರು. ವಾಗ್ಭಟನ ‘ಅಷ್ಟಾಂಗಹೃದಯ’ ಅತಿವ್ಯಾಯಾಮದಿಂದ ಬರುವ ತೃಷ್ಣೆ, ಕ್ಷಯ, ಶ್ವಾಸ, ಶ್ರಮ, ಕೆಮ್ಮು, ಜ್ವರ ಮೊದಲಾದ ಬಾಧೆಗಳನ್ನು ಪಟ್ಟಿ ಮಾಡುತ್ತದೆ. ಆ ಪಟ್ಟಿಯಲ್ಲಿರುವುದು ಇಡೀ ದೇಹದ ದಣಿವೇ ಹೊರತು ಒಂದು ಕೀಲಿನ, ಒಂದು ಸ್ನಾಯುರಜ್ಜುವಿನ ಸವೆತವಲ್ಲ. ಇನ್ನೊಂದು ಕಡೆ, ಸುಶ್ರುತ ಸಂಹಿತೆಯಲ್ಲಿ ಭಗ್ನಚಿಕಿತ್ಸೆಯ ವಿಚಾರ ಬಂದಾಗ ವಿವರಗಳು ಅದ್ಭುತವಾಗಿ ಸೂಕ್ಷ್ಮವಾಗುತ್ತವೆ. ಕೀಲು ತಪ್ಪುವುದರಲ್ಲಿ ಆರು ಬಗೆ, ಎಲುಬು ಮುರಿಯುವುದರಲ್ಲಿ ಹನ್ನೆರಡು ಬಗೆ. ಅತ್ತಿ, ಅರಳಿ, ಮುತ್ತುಗದ ತೊಗಟೆ, ಬಿದಿರು ಮುಂತಾದವುಗಳ ಪಟ್ಟಿ ಕಟ್ಟುವ ಕ್ರಮ. ಕಟ್ಟನ್ನು ತಂಪುಕಾಲದಲ್ಲಿ ಏಳು ದಿನಕ್ಕೊಮ್ಮೆ, ಸಾಧಾರಣ ಕಾಲದಲ್ಲಿ ಐದು ದಿನಕ್ಕೊಮ್ಮೆ, ಬೇಸಗೆಯಲ್ಲಿ ಮೂರು ದಿನಕ್ಕೊಮ್ಮೆ ಬದಲಿಸಬೇಕೆಂಬ ನಿಯಮ. ಎಳೆಯ ವಯಸ್ಸಿನಲ್ಲಿ ಒಂದು ತಿಂಗಳಿಗೆ ಕೂಡುವ ಸಂಧಿ ನಡುವಯಸ್ಸಿನಲ್ಲಿ ಎರಡು ತಿಂಗಳಿಗೆ, ಮುಪ್ಪಿನಲ್ಲಿ ಮೂರು ತಿಂಗಳಿಗೆ ಕೂಡುತ್ತದೆಂಬ ಅಂದಾಜು. ಹೀಗೆ ಒಂದು ತುದಿಯಲ್ಲಿ ಇಡೀ ದೇಹದ ಬಳಲಿಕೆ, ಇನ್ನೊಂದು ತುದಿಯಲ್ಲಿ ಮುರಿದ ಎಲುಬು. ಇವೆರಡರ ನಡುವಿನ ವಿಶಾಲ ಪ್ರದೇಶವೇ ಇಂದಿನ ಕ್ರೀಡಾವೈದ್ಯದ ಮುಖ್ಯ ಕ್ಷೇತ್ರ.

ಉತ್ತರ ಕರ್ನಾಟಕದ ಗರಡಿಮನೆಗಳು ಈ ಪರಂಪರೆಯ ಜೀವಂತ ರೂಪಗಳು. ಸಂಕ್ರಾಂತಿಯ ವೇಳೆ ವಿಜಯಪುರದಲ್ಲಿ ನಡೆಯುವ ಸಿದ್ಧೇಶ್ವರ ಜಾತ್ರೆಯಲ್ಲಿ ಜಂಗಿ ಕುಸ್ತಿ, ಭಾರ ಎತ್ತುವ ಸ್ಪರ್ಧೆಗಳು ಜನರನ್ನು ಸೆಳೆಯುತ್ತವೆ. ಸುತ್ತಲಿನ ಹಳ್ಳಿಗಳ ಜಾತ್ರೆ, ಕಾರಹುಣ್ಣಿಮೆಗಳಲ್ಲೂ ಸಂಗ್ರಾಣಿ ಕಲ್ಲು, ಗುಂಡುಕಲ್ಲು, ಜೋಳದ ಚೀಲ ಎತ್ತುವ ಆಟಗಳುಂಟು. ಗರಡಿಯ ವಸ್ತಾದಿ ಕೇವಲ ಪಟ್ಟುಗಳ ಗುರುವಲ್ಲ, ತಪ್ಪಿದ ಭುಜವನ್ನು ಕೂಡಿಸುವ, ಉಳುಕಿದ ಪಾದವನ್ನು ಎಣ್ಣೆ ಹಚ್ಚಿ ತಿಕ್ಕುವ, ಅರಿಸಿನದ ಪಟ್ಟು ಹಾಕುವ ವೈದ್ಯನೂ ಹೌದು. ಆದರೆ ಅಖಾಡದ ನೀತಿಯಲ್ಲಿ ನೋವು ಪುರುಷಾರ್ಥದ ಗುರುತು. ಮೆತ್ತಗಿನ ಮಣ್ಣಿನಲ್ಲಿ ಹೊರಳಿದರೆ ಮೈ ಹದವಾಗುತ್ತದೆ, ಮೈನೋವು ಅಭ್ಯಾಸದಿಂದಲೇ ಹೋಗುತ್ತದೆ ಎಂಬುದು ಅಲ್ಲಿನ ನಂಬಿಕೆ. ಸ್ನಾಯುಗಳ ಮಟ್ಟಿಗೆ ಅದು ಬಹುಪಾಲು ಸರಿ. ಸ್ನಾಯುರಜ್ಜು ಮತ್ತು ಎಲುಬಿನ ಮಟ್ಟಿಗೆ ಸರಿಯಲ್ಲ. ಅವು ಹೊಸ ಭಾರಕ್ಕೆ ಒಗ್ಗಿಕೊಳ್ಳುವ ವೇಗ ಸ್ನಾಯುವಿನದಕ್ಕಿಂತ ಬಹಳ ನಿಧಾನ. ಗರಡಿಯಿಂದ ಓಟಕ್ಕೂ ಸೈಕಲ್ಲಿಗೂ ಹಾಗೇ ದಾಟಿಬಂದ ಈ ನೀತಿ ಮಾಡಿದ ಹಾನಿ ಕಡಿಮೆಯದಲ್ಲ.

ಹಾಗೆಂದು ಈ ನಾಡು ನಿಧಾನದ ಗಾಯವನ್ನು ಕಾಣಲೇ ಇಲ್ಲ ಎನ್ನುವಂತಿಲ್ಲ. ಪ್ರತಿವರ್ಷ ಯುಗಾದಿಗೆ ಮೊದಲು ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಸಾವಿರಾರು ಭಕ್ತರು ಕಂಬಿ ಹೊತ್ತು ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ನೂರಾರು ಕಿಲೋಮೀಟರ್ ದಾರಿ, ಏರುಬಿಸಿಲಿನ ಕಾಲ, ಕೊನೆಗೆ ನಲ್ಲಮಲದ ಕಾಡು. ಮರಗಾಲು ಕಟ್ಟಿಕೊಂಡು ನಡೆಯುವವರೂ ಉಂಟು. ದಾರಿಯ ಹಳ್ಳಿಗಳವರು ಊಟ, ನೀರು, ಮಜ್ಜಿಗೆ ನೀಡುವುದರೊಂದಿಗೆ ಪಾದಯಾತ್ರಿಗಳ ಕಾಲಿಗೆ ಬಿಸಿನೀರು ಹಾಕಿ, ಎಣ್ಣೆ ತಿಕ್ಕಿ, ಬೊಕ್ಕೆಗಳಿಗೆ ಮುಲಾಮು ಹಚ್ಚಿ ಸೇವೆ ಮಾಡುತ್ತಾರೆ. ಅಂಗಾಲಿನ ಬೊಕ್ಕೆ, ಮೀನಖಂಡದ ಸೆಳೆತ, ಮೊಣಕಾಲಿನ ಬಾವು, ತೊಡೆಸಂದಿನ ಉಜ್ಜುಗಾಯ - ಟ್ರಯಾಥ್ಲಾನ್ ಸ್ಪರ್ಧೆಯ ವೈದ್ಯಕೀಯ ಶಿಬಿರದಲ್ಲಿ ಕಾಣಸಿಗುವ ತೊಂದರೆಗಳ ದೊಡ್ಡ ಪಾಲು ಈ ದಾರಿಯಲ್ಲಿಯೂ ಇದೆ. ಇಲ್ಲಿ ನೋವಿಗೆ ಲಜ್ಜೆಯಿಲ್ಲ. ಕಾಲು ನೋಯುವುದು ಸಹಜವೆಂದು ಒಪ್ಪಿ, ನಿಂತು, ಶುಶ್ರೂಷೆ ಪಡೆದು ಮುಂದೆ ಸಾಗುವ ಕ್ರಮವಿದೆ. ಸ್ಪರ್ಧೆಯಿಲ್ಲದ ಕಡೆ ಒಪ್ಪಿಕೊಂಡದ್ದನ್ನು ಸ್ಪರ್ಧೆಯಿರುವ ಕಡೆ ಅದೇ ಸಮಾಜ ಒಪ್ಪಿಕೊಳ್ಳಲಿಲ್ಲ ಎಂಬುದು ಇಲ್ಲಿನ ವಿಚಿತ್ರ.

ಪಾಶ್ಚಾತ್ಯ ವೈದ್ಯ ಈ ನಡುವಿನ ಪ್ರದೇಶಕ್ಕೆ ಕಾಲಿಟ್ಟದ್ದೂ ನಡಿಗೆಯ ಮೂಲಕವೇ. 1855ರಲ್ಲಿ ಪ್ರಶ್ಯದ ಸೇನಾ ವೈದ್ಯ ಬ್ರೈಟ್‌ಹಾಪ್ಟ್ ದೀರ್ಘ ಕವಾಯತಿನ ನಂತರ ಸೈನಿಕರ ಪಾದ ಬಾತು ನೋಯುವುದನ್ನು ವಿವರಿಸಿದ. ಪೆಟ್ಟು ಬಿದ್ದಿರಲಿಲ್ಲವಾದ್ದರಿಂದ ಅದರ ಕಾರಣ ಸ್ಪಷ್ಟವಾಗಲಿಲ್ಲ. ಕ್ಷಕಿರಣದ ಶೋಧವಾದ ಮೇಲೆ, 1897ರಲ್ಲಿ, ಅದು ಪಾದದ ಎಲುಬಿನಲ್ಲಿ ಮೂಡಿದ ಸೂಕ್ಷ್ಮ ಬಿರುಕು ಎಂದು ಗೊತ್ತಾಯಿತು. ಬೀಳದೆ, ತಾಗದೆ ಎಲುಬು ಮುರಿಯಬಲ್ಲುದು ಎಂಬ ತಿಳಿವಳಿಕೆಗೆ ನಲವತ್ತು ವರ್ಷ ಹಿಡಿಯಿತು. ಮೊಣಕಾಲಿನ ಹೊರಬದಿಯಲ್ಲಿ ತೊಡೆಯ ಪಟ್ಟಿಯಂತಹ ತಂತು ಉಜ್ಜಿ ನೋಯುವುದನ್ನು 1975ರಲ್ಲಿ ಅಮೆರಿಕದ ನೌಕಾದಳದ ಕಾಲಾಳು ತರಬೇತಿಯವರಲ್ಲಿ ಗುರುತಿಸಿ ಹೆಸರಿಟ್ಟರು. ಇಂದು ಓಟಗಾರರಲ್ಲೂ ಸೈಕಲ್ ಸವಾರರಲ್ಲೂ ತೀರ ಸಾಮಾನ್ಯವೆನಿಸಿದ ತೊಂದರೆ ಅದು. ‘ಈಜುಗಾರನ ಭುಜ’ ಎಂಬ ಹೆಸರು ವೈದ್ಯ ಸಾಹಿತ್ಯಕ್ಕೆ ಬಂದದ್ದು 1974ರಲ್ಲಿ. ಮೊದಲ ಟ್ರಯಾಥ್ಲಾನ್ ನಡೆದ ವರ್ಷವೂ ಅದೇ.

ನೀರು, ಚಕ್ರ, ನೆಲ

ನೀರಿನ ವಿಷಯದಲ್ಲಿ ಬಬಲೇಶ್ವರ ಸೀಮೆ ಬಡವ. ಮಹಮ್ಮದ್ ಆದಿಲ್‌ಶಾಹ 1633ರಲ್ಲಿ ಕಟ್ಟಿಸಿದ ಮಮದಾಪುರದ ದೊಡ್ಡ ಕೆರೆ ಈಗಿನ ಬಬಲೇಶ್ವರ ತಾಲೂಕಿನಲ್ಲಿಯೇ ಇದೆ. ವಿಜಯಪುರದ ತಾಜ್ ಬಾವಡಿ, ಬೇಗಂ ತಲಾಬುಗಳೂ ಅದೇ ಶತಮಾನದವು. ಇವು ಕುಡಿಯುವ ನೀರಿಗೂ ಬೇಸಾಯಕ್ಕೂ ಕಟ್ಟಿದವು. ಹಳ್ಳಿಯ ಹುಡುಗರು ಈಜು ಕಲಿತದ್ದು ಹೊಲದ ಬಾವಿಗಳಲ್ಲಿ, ಬೆನ್ನಿಗೆ ಒಣ ಸೋರೆಬುರುಡೆ ಇಲ್ಲವೆ ಬೆಂಡು ಕಟ್ಟಿಕೊಂಡು. ಮೆಟ್ಟಿಲುಬಾವಿಯ ನೀರಿಗಿಳಿಯುವವರ ಕಾಲಿನಲ್ಲಿ ನಾರುಹುಣ್ಣು ಏಳುತ್ತಿದ್ದ ಕಾಲವೂ ಇತ್ತು. ಉತ್ತರ ಕರ್ನಾಟಕವನ್ನು ಬಹುವಾಗಿ ಕಾಡಿದ ಆ ರೋಗದಿಂದ ಭಾರತ ಮುಕ್ತವಾಯಿತೆಂದು 2000ದಲ್ಲಿ ಪ್ರಮಾಣಪತ್ರ ದೊರೆಯಿತು. ಬಾವಿಯ ಈಜು ನಿಂತಲ್ಲೇ ತೇಲುವ, ಮುಳುಗಿ ಏಳುವ, ದಂಡೆಯಿಂದ ಧುಮುಕುವ ಈಜು. ಅದರಲ್ಲಿ ದೂರವಿಲ್ಲ. ಹೀಗೆ ಕಲಿತು, ತೋಳು ಬಲಿತ ಮೇಲೆ ಟ್ರಯಾಥ್ಲಾನಿಗಾಗಿ ಒಮ್ಮೆಲೇ ಒಂದೆರಡು ಕಿಲೋಮೀಟರ್ ಮುಂಗೈ ಬೀಸಿ ಈಜತೊಡಗಿದವನ ಭುಜಕ್ಕೆ ಆಗುವುದೇನು? ಪ್ರತಿ ಬೀಸಿಗೂ ತೋಳು ತಲೆಯ ಮೇಲೆ ಹೋಗುತ್ತದೆ. ಭುಜದ ಗುಂಡಿಯನ್ನು ಹಿಡಿದಿಟ್ಟ ಸಣ್ಣ ಸ್ನಾಯುಗಳ ರಜ್ಜುಗಳು ಮೇಲಿನ ಎಲುಬಿನ ಕಮಾನಿಗೆ ಒತ್ತಿಕೊಳ್ಳುತ್ತವೆ. ಕೈ ತಪ್ಪು ಕೋನದಲ್ಲಿ ನೀರಿಗಿಳಿದರೆ ಈ ಒತ್ತು ಇನ್ನೂ ಹೆಚ್ಚು. ಒಂದು ಗಂಟೆಯ ಅಭ್ಯಾಸದಲ್ಲಿ ಇದು ಸಾವಿರಾರು ಬಾರಿ ಮರುಕಳಿಸುತ್ತದೆ. ಆದರೂ ಮೂರು ವಿದ್ಯೆಗಳಲ್ಲಿ ಈಜಿನ ಗಾಯಗಳೇ ಕಡಿಮೆ.

ಸೈಕಲ್ಲಿನ ಮಾತು ಬೇರೆ. ವಿಜಯಪುರ, ಬಾಗಲಕೋಟೆ, ಗದಗ, ಚಂದರಗಿಗಳ ಕ್ರೀಡಾ ವಸತಿ ನಿಲಯ ಹಾಗೂ ಶಾಲೆಗಳು ಈ ವಿದ್ಯೆಗೆ ನೆಲೆ ಒದಗಿಸಿದವು. ಏಕಲವ್ಯ ಪ್ರಶಸ್ತಿ ಪಡೆದ ಸೈಕಲ್ ಪಟುಗಳು ಇಲ್ಲಿಂದ ಬಂದರು. ವಿಜಯಪುರದ ವೆಲೋಡ್ರೋಮ್ ಕಾಮಗಾರಿ ವರ್ಷಗಟ್ಟಲೆ ಎಳೆದಾಡಿದ ಕಾರಣ ಎರಡು ಮೂರು ತಲೆಮಾರಿನ ಸವಾರರು ಲಾರಿ, ಕಬ್ಬಿನ ಟ್ರ್ಯಾಕ್ಟರುಗಳ ಮಧ್ಯೆ ಹೆದ್ದಾರಿಯಲ್ಲೇ ಪಳಗಬೇಕಾಯಿತು. ಬಿದ್ದಾಗ ಚಾಚಿದ ಕೈಯ ಮೇಲೆ ಭಾರ ಬಿದ್ದು ಕೊರಳೆಲುಬು ಮುರಿಯುವುದು, ಡಾಂಬರಿಗೆ ಉಜ್ಜಿ ತೊಡೆ ಮೊಣಕೈಗಳ ಚರ್ಮ ಕಿತ್ತುಹೋಗುವುದು ಈ ಅಭ್ಯಾಸದ ಎದ್ದುಕಾಣುವ ಬೆಲೆ. ಎದ್ದುಕಾಣದ ಬೆಲೆಯೂ ಇದೆ. ನಿಮಿಷಕ್ಕೆ 90 ಸುತ್ತಿನಂತೆ ತುಳಿದರೆ ಗಂಟೆಗೆ ಪ್ರತಿ ಕಾಲು 5,400 ಬಾರಿ ಮಡಿಚಿ ಚಾಚುತ್ತದೆ. ಮೂರು ಗಂಟೆಯ ಅಭ್ಯಾಸಕ್ಕೆ 16,200 ಬಾರಿ. ಆಸನ ಒಂದೆರಡು ಬೆರಳಿನಷ್ಟು ತಗ್ಗಾಗಿದ್ದರೆ ಮೊಣಕಾಲು ಅಗತ್ಯಕ್ಕಿಂತ ಹೆಚ್ಚು ಮಡಿಚಿ ಚಿಪ್ಪಿನ ಹಿಂಭಾಗದ ಮೇಲೆ ಒತ್ತಡ ಬೀಳುತ್ತದೆ, ಎತ್ತರವಾಗಿದ್ದರೆ ಮೊಣಕಾಲಿನ ಹಿಂಬದಿ ಎಳೆಯುತ್ತದೆ, ಸೊಂಟ ಅತ್ತಿತ್ತ ಜಾರುತ್ತದೆ. ಗಾಳಿ ಸೀಳಲೆಂದು ತಾಸುಗಟ್ಟಲೆ ಬಾಗಿ ಕೂರುವುದರಿಂದ ಸೊಂಟ ಮತ್ತು ಕುತ್ತಿಗೆಯ ನೋವು, ಹಿಡಿಕೆಯ ಮೇಲೆ ಅಂಗೈ ಊರುವುದರಿಂದ ಕಿರುಬೆರಳು ಉಂಗುರದ ಬೆರಳುಗಳಲ್ಲಿ ಜೋಮು. ಸೈಕಲ್ ಸವಾರರ ಈ ಕೈಜೋಮನ್ನು ವೈದ್ಯರು 19ನೆಯ ಶತಮಾನದ ಕೊನೆಯಲ್ಲಿಯೇ ವಿವರಿಸಿದ್ದರು.

ಸ್ಪರ್ಧೆಯ ಸೈಕಲ್ ಸವಾರನ ಅಳತೆಗೆ ತಕ್ಕಂತಿರಬೇಕು. ಅದರ ಬೆಲೆ ಲಕ್ಷಗಳಲ್ಲಿ. ಹಿರಿಯ ಸವಾರ ಬಿಟ್ಟುಕೊಟ್ಟ ಸೈಕಲ್ಲನ್ನು ಕಿರಿಯನು ಏರುವ ಕಡೆ ಚೌಕಟ್ಟಿನ ಉದ್ದ, ಅಗಲಗಳು ಯಾರದೋ ದೇಹದವು. ಬೆಳೆಯುವ ಹದಿನಾಲ್ಕರ ಹುಡುಗನ ಮೊಣಕಾಲು ಆ ಹೊಂದಾಣಿಕೆಯ ಕೊರತೆಯನ್ನು ತುಂಬಿಕೊಡಬೇಕಾಗುತ್ತದೆ. ಈ ಕ್ರೀಡೆಯ ಗಾಯದ ಸಾಮಾಜಿಕ ಚರಿತ್ರೆಯನ್ನು ಬರೆಯುವವರು ಮೊದಲು ಅಳೆಯಬೇಕಾದುದು ಈ ಆಸನದ ಎತ್ತರವನ್ನು.

ಮೂರನೆಯದು ಓಟ. ಟ್ರಯಾಥ್ಲಾನಿನಲ್ಲಿ ಓಟ ಕೊನೆಗೆ ಬರುತ್ತದೆ. ಬಹುತೇಕ ಅಧ್ಯಯನಗಳಲ್ಲಿ ಹೆಚ್ಚಿನ ಗಾಯಗಳ ಹೊಣೆ ಅದರದೇ. ಸೈಕಲ್ಲಿನಿಂದ ಇಳಿದೊಡನೆ ಕಾಲು ಸೀಸದಂತೆ ಭಾರವಾಗಿ, ಸೊಂಟ ಬಾಗಿದಂತೆಯೇ ಉಳಿದು, ಹೆಜ್ಜೆಯ ಹದ ತಪ್ಪುವುದನ್ನು ಪ್ರತಿ ಕ್ರೀಡಾಳುವೂ ಬಲ್ಲ. ಸೈಕಲ್ಲು ದೇಹದ ಭಾರವನ್ನು ಹೊರುತ್ತದೆ, ಓಟದಲ್ಲಿ ಪ್ರತಿ ಹೆಜ್ಜೆಗೂ ದೇಹಭಾರದ ಎರಡು ಮೂರು ಪಟ್ಟು ನೆಲದಿಂದ ಮರಳಿ ಕಾಲಿಗೆ ಬಡಿಯುತ್ತದೆ. ಇಲ್ಲಿಯೇ ವಿಜಯಪುರದ ಸವಾರನಿಗೆ ವಿಶೇಷವಾದ ಅಪಾಯವಿದೆ. ವರ್ಷಗಟ್ಟಲೆ ಸೈಕಲ್ ತುಳಿದ ಅವನ ಹೃದಯ, ಶ್ವಾಸಕೋಶ, ತೊಡೆಯ ಸ್ನಾಯುಗಳು ಸಿದ್ಧವಾಗಿವೆ. ಓಡಲು ಆರಂಭಿಸಿದ ಮೊದಲ ವಾರದಲ್ಲೇ ಹತ್ತು ಕಿಲೋಮೀಟರ್ ಸುಲಭವೆನಿಸುತ್ತದೆ. ಆದರೆ ನೆಲದ ಬಡಿತವನ್ನೇ ಅರಿಯದ ಕಣಕಾಲೆಲುಬು, ಹಿಮ್ಮಡಿಯ ರಜ್ಜು, ಅಂಗಾಲಿನ ತಂತುಗಳು ಸಿದ್ಧವಾಗಿಲ್ಲ. ಉಸಿರು ಸಾಲದೆ ನಿಲ್ಲಬೇಕಾದ ಹೊಸ ಓಟಗಾರನನ್ನು ಅವನ ದುರ್ಬಲತೆಯೇ ಕಾಯುತ್ತದೆ, ಬಲಿಷ್ಠ ಸವಾರನಿಗೆ ಆ ರಕ್ಷಣೆಯಿಲ್ಲ. ಕಣಕಾಲಿನ ಒಳಬದಿಯ ನೋವು ಮೊದಲು ಓಟದ ಆರಂಭದಲ್ಲಿ ಮಾತ್ರ ಇರುತ್ತದೆ, ಮೈ ಬಿಸಿಯಾದಂತೆ ಮರೆಯಾಗುತ್ತದೆ. ಆಮೇಲೆ ಓಟದುದ್ದಕ್ಕೂ ಉಳಿಯುತ್ತದೆ. ಕೊನೆಗೆ ಬೆರಳಿನಿಂದ ಒಂದೇ ಬಿಂದುವನ್ನು ತೋರಿಸಬಹುದಾದಷ್ಟು ಖಚಿತವಾಗಿ, ರಾತ್ರಿ ಮಲಗಿದಾಗಲೂ ನೋಯುತ್ತದೆ. ಅಷ್ಟರಲ್ಲಿ ಎಲುಬು ಬಿರುಕು ಬಿಟ್ಟಿರಬಹುದು. ಮೊದಲ ಹಂತದಲ್ಲಿ ಒಂದೆರಡು ವಾರದ ಬಿಡುವು ಕೇಳುವ ಈ ಗಾಯ ಕೊನೆಯ ಹಂತದಲ್ಲಿ ಒಂದಿಡೀ ಋತುವನ್ನೇ ಕೇಳುತ್ತದೆ.

ಹುಡುಗಿಯರ ವಿಷಯದಲ್ಲಿ ಇದು ಇನ್ನೂ ಗಹನ. ಸುಡುವಷ್ಟು ಶಕ್ತಿಗೆ ತಕ್ಕ ಆಹಾರ ಒದಗದಿದ್ದಾಗ ದೇಹ ಮೊದಲು ಋತುಚಕ್ರವನ್ನು ನಿಲ್ಲಿಸುತ್ತದೆ, ಅದರ ಹಿಂದೆ ಎಲುಬಿನ ಸಾಂದ್ರತೆ ಇಳಿಯುತ್ತದೆ. ಆಹಾರ, ಋತುಸ್ರಾವ, ಎಲುಬು ಈ ಮೂರರ ನಂಟನ್ನು 1990ರ ದಶಕದ ಆರಂಭದಲ್ಲಿ ಅಮೆರಿಕದ ಕ್ರೀಡಾವೈದ್ಯರು ಒಂದೇ ಹೆಸರಿನಡಿ ತಂದರು. 2014ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದನ್ನು ಪುರುಷರಿಗೂ ಅನ್ವಯಿಸಿ ಶಕ್ತಿಯ ಅಭಾವದ ಲಕ್ಷಣಕೂಟವೆಂದು ವಿಸ್ತರಿಸಿತು. ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರಿನ ಊಟ ಗುಣದಲ್ಲಿ ಕೀಳಲ್ಲ. ದಿನಕ್ಕೆ ನೂರು ಕಿಲೋಮೀಟರ್ ತುಳಿಯುವ ದೇಹಕ್ಕೆ ಕೊರತೆಯಾಗುವುದು ಪ್ರಮಾಣದಲ್ಲಿ. ಮುಟ್ಟು ನಿಂತದ್ದನ್ನು ಪುರುಷ ತರಬೇತಿದಾರನ ಮುಂದೆ ಹೇಳಿಕೊಳ್ಳಲಾಗದ ಹದಿನಾರರ ಹುಡುಗಿಯ ಕಣಕಾಲು ನೋವಿನ ನಿಜವಾದ ಕಾರಣ ಹೊರಬೀಳುವುದು ಕಷ್ಟ. ಮಹಿಳಾ ಸೈಕ್ಲಿಂಗಿನಲ್ಲಿ ಈ ಭಾಗ ಗಳಿಸಿದ ಕೀರ್ತಿಯನ್ನು ಕೊಂಡಾಡುವ ಬರಹಗಳು ಈ ಮೌನದ ಕಡೆಗೂ ನೋಡಬೇಕಾಗಿದೆ.

ಬಿಸಿಲಿನ ಬಾಧೆಯನ್ನು ವಿವರಿಸುವ ಅಗತ್ಯ ವಿಜಯಪುರದ ಓದುಗರಿಗಿಲ್ಲ. ಬೇಸಗೆಯಲ್ಲಿ ಉಷ್ಣಾಂಶ 40 ಡಿಗ್ರಿಯನ್ನು ದಾಟುವ ಊರು ಇದು. ಆದರೆ ನೀರು ಎಷ್ಟು ಕುಡಿದರೂ ಒಳ್ಳೆಯದೆಂಬ ನಂಬಿಕೆಯೂ ಅಪಾಯಕಾರಿ ಎಂಬುದು 1980ರ ದಶಕದ ತಿಳಿವಳಿಕೆ. ದಕ್ಷಿಣ ಆಫ್ರಿಕದ ದೀರ್ಘ ಓಟಗಳಲ್ಲಿ ಕುಸಿದವರನ್ನು ಪರೀಕ್ಷಿಸಿದ ನೋಕ್ಸ್ ಮತ್ತು ಸಂಗಡಿಗರು, ಬೆವರಿಗಿಂತ ಹೆಚ್ಚು ನೀರು ಕುಡಿದು ರಕ್ತದಲ್ಲಿ ಸೋಡಿಯಂ ಇಳಿದವರು ಅವರಲ್ಲಿದ್ದುದನ್ನು 1985ರಲ್ಲಿ ವರದಿ ಮಾಡಿದರು. ತಲೆನೋವು, ವಾಂತಿ, ಮಂಕುತನ ಎರಡರಲ್ಲೂ ಕಾಣಿಸುತ್ತವೆ. ಬಿಸಿಲು ಬಡಿದವನಿಗೆ ಬೇಕಾದದ್ದು ತಕ್ಷಣದ ತಂಪು, ನೀರು ಹೆಚ್ಚಾದವನಿಗೆ ಇನ್ನಷ್ಟು ನೀರು ಕೊಟ್ಟರೆ ಪ್ರಾಣಕ್ಕೇ ಕುತ್ತು.

2023ರ ಡಿಸೆಂಬರ್ 24ರಂದು ವಿಜಯಪುರದಲ್ಲಿ ನಡೆದ ವೃಕ್ಷಥಾನ್ ಪಾರಂಪರಿಕ ಓಟದಲ್ಲಿ ಆದಿಲ್‌ಶಾಹಿ ಸ್ಮಾರಕಗಳ ನಡುವೆ ಸಾವಿರಾರು ಜನ ಓಡಿದರು. 21 ಕಿ.ಮೀ. ಓಟವೂ ಅದರಲ್ಲಿತ್ತು. ಇಂತಹ ಓಟಗಳು ಹೊಸ ತಲೆಮಾರಿನ ವೈದ್ಯರು, ಶಿಕ್ಷಕರು, ಪೊಲೀಸರು, ವ್ಯಾಪಾರಿಗಳನ್ನು ರಸ್ತೆಗಿಳಿಸಿವೆ. ನಲವತ್ತರ ನಂತರ ಓಡಲು ತೊಡಗಿ, ಸೈಕಲ್ ಕೊಂಡು, ಈಜು ಕಲಿತು ಗೋವೆಯ ಸ್ಪರ್ಧೆಯ ಕನಸು ಕಾಣುವ ಇವರ ಗಾಯಗಳು ಹಾಸ್ಟೆಲ್ಲಿನ ಮಕ್ಕಳ ಗಾಯಗಳಂತೆಯೇ ಇವೆ. ಆದರೆ ಎರಡರ ಪರಿಣಾಮ ಒಂದೇ ಅಲ್ಲ. ಮೊದಲನೆಯವರು ನೋವೆಂದರೆ ಮೂರು ತಿಂಗಳು ಬಿಡುವು ಪಡೆಯಬಲ್ಲರು. ವಸತಿ ನಿಲಯದಲ್ಲಿ ಉಳಿಯಲು, ರೈಲ್ವೆ ಇಲ್ಲವೆ ಸೇನೆಯ ಕ್ರೀಡಾ ಮೀಸಲಾತಿಗೆ ಆಯ್ಕೆಯಾಗಲು ವರ್ಷದ ಸಮಯದ ಅಂಕಿಗಳನ್ನು ತೋರಿಸಬೇಕಾದ ಹುಡುಗ ಮೂರು ವಾರ ಬಿಡುವು ಕೇಳಲೂ ಹಿಂಜರಿಯುತ್ತಾನೆ. ಅವನು ಸುಳ್ಳು ಹೇಳುತ್ತಾನೆ ಎನ್ನುವುದು ಸರಿಯಲ್ಲ. ಹೇಗಿದೆ ಕಾಲು ಎಂದರೆ ಆರಾಮ ಐತಿ ಎನ್ನುವುದು ಈ ನಾಡಿನ ಸಹಜ ಉತ್ತರ.

ಓಸ್ಲೋದ ಪ್ರಶ್ನಾವಳಿ ಆ ಉತ್ತರವನ್ನು ದಾಟಿ ಹೋಗುವಂತೆ ರಚಿತವಾದದ್ದು. ಅದಕ್ಕೆ ಯಂತ್ರ ಬೇಡ, ಕ್ಷಕಿರಣ ಬೇಡ. ವಾರಕ್ಕೊಮ್ಮೆ ಒಂದು ಹಾಳೆ, ನಾಲ್ಕು ಪ್ರಶ್ನೆ, ಮುಂದಿನ ವಾರದ ಅಭ್ಯಾಸಕ್ಕೆ ಮೊದಲು ಅದನ್ನು ಓದುವ ಒಬ್ಬ ತರಬೇತಿದಾರ. ಅದನ್ನು ಕನ್ನಡಕ್ಕೆ ತರುವವರು ಪಾರಿಭಾಷಿಕ ಪದಗಳಿಗಾಗಿ ಸಂಸ್ಕೃತದ ಕಡೆ ಹೋಗಬೇಕಿಲ್ಲ. ಬಬಲೇಶ್ವರ, ತಿಕೋಟಾ ಕಡೆಯ ಮಾತಿನಲ್ಲಿ ಚಳುಕು ಬೇರೆ, ಸೆಳೆತ ಬೇರೆ, ಜೋಮು ಬೇರೆ, ಉಳುಕು ಬೇರೆ, ಬಾವು ಬೇರೆ, ಬ್ಯಾನಿ ಬೇರೆ.